ಉಳಿದರ್ಧ ಪಾಠ

ನನ್ನೊಡನೆ ಚಂದ್ರವಳ್ಳಿಗೆ ಹೊರಸಂಚಾರ ಬಂದವರಿಗೆ ನೆನಪಿರಬಹುದು. ಮಯೂರಶರ್ಮನ ಶಾಸನವನ್ನು ತೋರಿಸಿದ ಮೇಲೆ ತಂಗಡಿ, ಲಕ್ಕಿ, ಬೇವುಗಳ ಎಲೆಗಳನ್ನು ಕೈಗಿತ್ತು, “ಇವುಗಳ ರಸಕ್ಕೆ ಕ್ರಿಮಿಗಳನ್ನು ಕೊಲ್ಲುವ ಶಕ್ತಿಯಿದೆ” ಎನ್ನುತ್ತಿದ್ದೆ. ಪಾಠವನ್ನು ಅಲ್ಲಿಗೇ ನಿಲ್ಲಿಸಿದ್ದು ನನ್ನ ತಪ್ಪು.

ಸಕ್ಕರೆ ಕಾಯಿಲೆಯಿದ್ದ ನನ್ನ ದೊಡ್ಡಪ್ಪನ ಮಗ ಕಾಲಿನ ಹುಣ್ಣಿಗೆ ಮೂರು ವಾರ ಬೇವು, ಲಕ್ಕಿಗಳ ರಸವನ್ನೇ ಹಚ್ಚಿದರು. ಆಕ್ಷೇಪಿಸಿದಾಗ, “ಪ್ರಯೋಗಾಲಯದಲ್ಲೇ ಸಾಬೀತಾಗಿದೆಯಂತೆ. ನೀನೇ ಮಕ್ಕಳಿಗೆ ಹೇಳುತ್ತಿದ್ದೆಯಲ್ಲಪ್ಪಾ” ಎಂದರು. ಕೊನೆಗೆ ಎರಡು ಬೆರಳುಗಳನ್ನು ತೆಗೆಯಬೇಕಾಯಿತು.

ಪ್ರಯೋಗಾಲಯದಲ್ಲಿ ಸಾಬೀತಾಗುವುದಾದರೂ ಏನು? ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೂ ಸೇರಿದಂತೆ ನಾಡಿನ ಅನೇಕ ಕಡೆ ಇಂತಹ ಪರೀಕ್ಷೆಗಳು ನಡೆದಿವೆ. ನೆರಳಿನಲ್ಲಿ ಒಣಗಿಸಿದ ಎಲೆಯ ಪುಡಿಯನ್ನು ಮೆಥನಾಲಿನಂತಹ ದ್ರಾವಕದಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ಬ್ಯಾಕ್ಟೀರಿಯಾ ಸವರಿದ ಅಗಾರ್ ತಟ್ಟೆಯ ಕುಳಿಗಳಿಗೆ ಅದನ್ನು ಹಾಕಿ, 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 24 ಗಂಟೆ ಇಟ್ಟು, ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ವೃತ್ತವನ್ನು ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ. ದ್ರಾವಕವೇ ಕ್ರಿಮಿಯನ್ನು ಕೊಲ್ಲಬಹುದಾದ್ದರಿಂದ ಒಂದು ಕುಳಿಗೆ ಬರಿಯ ದ್ರಾವಕ, ಇನ್ನೊಂದಕ್ಕೆ ತಿಳಿದ ಆಂಟಿಬಯಾಟಿಕ್ ಹಾಕಿ ಹೋಲಿಸಲೇಬೇಕು.

ವೃತ್ತ ದೊಡ್ಡದಾದರೆ ಔಷಧ ಸಿಕ್ಕಿತೆಂದಲ್ಲ. ಅಗಾರಿನಲ್ಲಿ ಸುಲಭವಾಗಿ ಹರಡುವ ವಸ್ತುವಿನ ವೃತ್ತ ಸಹಜವಾಗಿಯೇ ಹಿರಿದು. ನಾವು ಮನೆಯಲ್ಲಿ ಹಿಂಡುವ ರಸ ಆ ಸಾರವಲ್ಲ. ತಟ್ಟೆ ನಮ್ಮ ದೇಹವೂ ಅಲ್ಲ. ಎಷ್ಟು ಕಡಿಮೆ ಪ್ರಮಾಣ ಸಾಕು, ಅದು ನಮ್ಮ ಜೀವಕೋಶಗಳಿಗೆ ವಿಷವೇ, ರೋಗಿಯಲ್ಲಿ ಫಲಿಸುವುದೇ ಎಂಬ ಪ್ರಶ್ನೆಗಳು ಆಮೇಲೆ ಬರುತ್ತವೆ.

ಹಾಗೆಂದು ನಾಟಿ ಜ್ಞಾನವನ್ನು ಹಳಿಯಲಾರೆ. ಚೀನಾದ ತು ಯೂಯೂ ಹಳೆಯ ವೈದ್ಯಗ್ರಂಥದ ಸುಳಿವನ್ನು ಹಿಡಿದು, ಕಡಿಮೆ ಉಷ್ಣತೆಯಲ್ಲಿ ಸಸ್ಯಸಾರ ತೆಗೆದು ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಕಂಡುಕೊಂಡರು. 2015ರಲ್ಲಿ ನೊಬೆಲ್ ಪಡೆದರು. ಆದರೆ ಅವರು ಸುಳಿವಿನಲ್ಲೇ ನಿಲ್ಲಲಿಲ್ಲ. ರೋಗಿಗಳಲ್ಲಿ ಪರೀಕ್ಷೆಯಾಗುವವರೆಗೂ ಸಾಗಿದರು.

ವಿಜ್ಞಾನ ಶಿಕ್ಷಕರಾಗಿರುವ ನನ್ನ ಶಿಷ್ಯರಲ್ಲಿ ಒಂದು ಕೋರಿಕೆ: ಈ ಪ್ರಯೋಗವನ್ನು ಮಕ್ಕಳಿಗೆ ವಿವರಿಸುವಾಗ, ಅದರಿಂದ ಏನು ಸಾಬೀತಾಗಲಿಲ್ಲ ಎಂಬುದನ್ನೂ ಬರೆಯಿಸಿರಿ. ಬಂಧುಗಳಲ್ಲಿ ಇನ್ನೊಂದು: ಸಕ್ಕರೆ ಕಾಯಿಲೆಯುಳ್ಳವರು ಕಾಲಿನಲ್ಲಿ ಹುಣ್ಣು ಕಂಡ ದಿನವೇ ವೈದ್ಯರಿಗೆ ತೋರಿಸಿರಿ.