ತನ್ನ ಚರಿತ್ರೆಯನ್ನು ತಾನೇ ಬರೆಯಿಸಿದ ಅರಸು

ಅರಸರ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅರಸರ ಅನ್ನವನ್ನು ಉಂಡವರೇ. ನಮ್ಮ ಶಾಸನಕವಿಗಳ ಪ್ರಶಸ್ತಿಗಳನ್ನು ಓದುವ ವಿದ್ವಾಂಸರು ಹೊಗಳಿಕೆಯಲ್ಲಿ ರೂಪಾಯಿಗೆ ಎಂಟಾಣೆಯನ್ನು ಕಳೆದು ಉಳಿದುದನ್ನು ನಂಬುವುದು ವಾಡಿಕೆ. ಆದರೆ ಅರಸನೇ ಲೇಖಕನ ಪಕ್ಕದಲ್ಲಿ ಕುಳಿತು, ಇದನ್ನು ಬರೆ, ಇದನ್ನು ಬಿಡು ಎಂದು ಬರೆಯಿಸಿದ ಗ್ರಂಥವೊಂದು ಕೈಗೆ ಬಂದರೆ ಎಷ್ಟು ಕಳೆಯಬೇಕು, ಎಷ್ಟನ್ನು ಉಳಿಸಿಕೊಳ್ಳಬೇಕು?

ಅಂಥ ಗ್ರಂಥವೊಂದುಂಟು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ನಾರ್ವೆ ದೇಶವನ್ನು ಆಳಿದ ಸ್ವೆರ್ರೆ ಎಂಬ ಅರಸನ ಕಥೆ ಅದು. ಐಸ್‌ಲ್ಯಾಂಡಿನ ಕಾರ್ಲ್ ಯೋನ್ಸನ್ ಎಂಬ ಮಠಾಧಿಪತಿಯು ೧೧೮೫ರಲ್ಲಿ ನಾರ್ವೆಗೆ ಬಂದು ಅದನ್ನು ಬರೆಯತೊಡಗಿದನು. ಸ್ವತಃ ಅರಸನೇ ಮೇಲೆ ಕುಳಿತು ಏನನ್ನು ಬರೆಯಬೇಕೆಂದು ನಿರ್ಧರಿಸಿದನೆಂದು ಗ್ರಂಥದ ಪೀಠಿಕೆಯೇ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಅರಸನ ಕಣ್ಣೆದುರಿನಲ್ಲಿ ಬರೆದದ್ದು ಮೊದಲ ಭಾಗ ಮಾತ್ರ. ಉಳಿದುದನ್ನು, ಕಂಡವರೂ ಕೇಳಿದವರೂ ಹೇಳಿದುದರ ಆಧಾರದಿಂದ, ಆಮೇಲೆ ಪೂರ್ಣಗೊಳಿಸಿದರು. ಈ ಭೇದವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಸ್ವೆರ್ರೆ ಬೆಳೆದುದು ನಾರ್ವೆಯಲ್ಲಲ್ಲ. ಅಟ್ಲಾಂಟಿಕ್ ಸಾಗರದ ನಡುವೆ ಗಾಳಿಗೂ ಮಂಜಿಗೂ ಮೈಯೊಡ್ಡಿ ನಿಂತಿರುವ ಫ್ಯಾರೋ ದ್ವೀಪಗಳಲ್ಲಿ. ತಾಯಿ ಗುನ್‌ಹಿಲ್ಡ್, ಆಕೆಯ ಗಂಡನು ಉನಾಸ್ ಎಂಬ ಬಾಚಣಿಗೆ ಮಾಡುವವನು. ಗಂಡನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ರೋಯ್ ಆ ದ್ವೀಪಗಳ ಬಿಷಪ್ಪನಾಗಿದ್ದನು. ಐದು ವರ್ಷದ ಹುಡುಗನನ್ನು ಆತನ ಬಳಿ ಬಿಟ್ಟರು; ಹುಡುಗನು ಓದಿ ಪಾದ್ರಿಯಾದನು. ಕಥೆ ಇಲ್ಲಿಗೇ ನಿಂತಿದ್ದರೆ ಸ್ವೆರ್ರೆಯ ಹೆಸರು ಇಂದು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ತಾಯಿ ರೋಮಿಗೆ ಯಾತ್ರೆ ಹೋದಳು. ಅಲ್ಲಿ ಪಾಪನಿವೇದನೆ ಮಾಡುವಾಗ, ತನ್ನ ಮಗನ ನಿಜವಾದ ತಂದೆ ಬಾಚಣಿಗೆಯವನಲ್ಲ, ನಾರ್ವೆಯ ಅರಸ ಸಿಗುರ್ಡನೆಂದು ಒಪ್ಪಿಕೊಂಡಳು. ಅದನ್ನು ಮಗನಿಂದ ಮುಚ್ಚಿಡಬಾರದೆಂದು ಪೋಪರಿಂದ ಅಪ್ಪಣೆಯಾಯಿತು. ಹೀಗೆಂದು ಗ್ರಂಥ ಹೇಳುತ್ತದೆ, ಎಂದರೆ ಸ್ವೆರ್ರೆಯೇ ಹೇಳುತ್ತಾನೆ.

ಕುಂತಿಯು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸಿದ ಸಂದರ್ಭವನ್ನು ಪಂಪನಲ್ಲಿ ಓದಿದವರಿಗೆ ಇಂಥ ಸನ್ನಿವೇಶ ಹೊಸದಲ್ಲ. ಆದರೆ ಕರ್ಣನು ತಾನು ಯಾರೆಂದು ತಿಳಿದ ಮೇಲೆಯೂ ಹಿಡಿದ ಪಕ್ಷವನ್ನು ಬಿಡಲಿಲ್ಲ; ಸ್ವೆರ್ರೆಯಾದರೋ ಪಾದ್ರಿಯ ನಿಲುವಂಗಿಯನ್ನು ಕಳಚಿಟ್ಟು ೧೧೭೬ರಲ್ಲಿ ನಾರ್ವೆಯ ಹಡಗು ಹತ್ತಿದನು.

ಅಂದಿನ ನಾರ್ವೆಯಲ್ಲಿ ಈ ಮಾತಿಗೆ ಎಂಥ ಬೆಲೆಯಿತ್ತೆಂಬುದನ್ನು ತಿಳಿಯಬೇಕು. ಅರಸನ ಮಗನಾಗಿದ್ದರೆ ಸಾಕು, ತಾಯಿ ರಾಣಿಯೋ ದಾಸಿಯೋ ಎಂಬ ಪ್ರಶ್ನೆ ಹಳೆಯ ಪದ್ಧತಿಯಲ್ಲಿ ಏಳುತ್ತಿರಲಿಲ್ಲ. ಆದುದರಿಂದಲೇ ಸಿಂಹಾಸನಕ್ಕೆ ಹಕ್ಕುದಾರರು ಹೆಚ್ಚಿ, ೧೧೩೦ರಿಂದ ಆ ದೇಶವು ದಾಯಾದಿಗಳ ಕಾಳಗದಲ್ಲಿ ಬೇಯುತ್ತಿದ್ದಿತು. ಸಿಗುರ್ಡನೂ ಅಂಥ ಕಲಹದಲ್ಲಿಯೇ ೧೧೫೫ರಲ್ಲಿ ಹತನಾದವನು. ಸ್ವೆರ್ರೆ ಬಂದಾಗ ಪಟ್ಟದಲ್ಲಿದ್ದವನು ಮ್ಯಾಗ್ನಸ್ ಎಂಬ ತರುಣ. ಅವನ ತಂದೆ ಅರಸನಲ್ಲ, ಎರ್ಲಿಂಗ್ ಎಂಬ ಪ್ರಬಲ ಸರದಾರ. ತಾಯಿ ಮಾತ್ರ ರಾಜಪುತ್ರಿ. ಆ ಕೊರತೆಯನ್ನು ತುಂಬುವುದಕ್ಕಾಗಿ ಎರ್ಲಿಂಗನು ಆರ್ಚ್‌ಬಿಷಪ್ಪನನ್ನು ಒಲಿಸಿಕೊಂಡು, ಬಾಲಕನಾಗಿದ್ದ ಮಗನಿಗೆ ಚರ್ಚಿನಿಂದ ಕಿರೀಟಧಾರಣೆ ಮಾಡಿಸಿದ್ದನು.

ಹಾಗಾದರೆ ಸ್ವೆರ್ರೆ ನಿಜವಾಗಿಯೂ ರಾಜಪುತ್ರನೆ? ಇದಕ್ಕೆ ಉತ್ತರ ಇಂದಿಗೂ ಸಿಕ್ಕಿಲ್ಲ. ಇತಿಹಾಸಕಾರರು ಒಂದು ಲೆಕ್ಕವನ್ನು ಮುಂದಿಡುತ್ತಾರೆ. ಮೂವತ್ತು ವರ್ಷ ತುಂಬದವನು ಪಾದ್ರಿಯಾಗಬಾರದೆಂಬುದು ಚರ್ಚಿನ ನಿಯಮ. ನಾರ್ವೆಗೆ ಬರುವಾಗಲೇ ಪಾದ್ರಿಯಾಗಿದ್ದ ಸ್ವೆರ್ರೆಗೆ ಆ ನಿಯಮದಂತೆ ಮೂವತ್ತು ಕಳೆದಿದ್ದರೆ, ಅವನು ಹುಟ್ಟಿದುದು ೧೧೪೬ರಲ್ಲಿ ಅಥವಾ ಅದಕ್ಕೆ ಮೊದಲು. ಸಿಗುರ್ಡನು ಹುಟ್ಟಿದುದು ೧೧೩೩ರ ಸುಮಾರಿಗೆ. ಹದಿಮೂರು ವರ್ಷದ ತಂದೆಯನ್ನು ಒಪ್ಪುವುದು ಕಷ್ಟ. ದೂರದ ದ್ವೀಪದಲ್ಲಿ, ಬಿಷಪ್ಪನೇ ಮನೆಯವನಾಗಿರುವಾಗ, ನಿಯಮವನ್ನು ಯಾರು ನೋಡಿದರು ಎಂದು ಬೇಕಾದರೆ ವಾದಿಸಬಹುದು.

ನನಗೆ ಇದಕ್ಕಿಂತ ಅರ್ಥವತ್ತಾಗಿ ಕಾಣುವುದು ಗ್ರಂಥದಲ್ಲಿಯೇ ಬರುವ ಇನ್ನೊಂದು ಪ್ರಸಂಗ. ಎರಿಕ್ ಎಂಬವನು ಬಂದು, ತಾನೂ ಸಿಗುರ್ಡನ ಮಗನು, ಸ್ವೆರ್ರೆಯ ಸಹೋದರನು, ಕಾದ ಕಬ್ಬಿಣವನ್ನು ಹಿಡಿದು ಅದನ್ನು ತೋರಿಸುತ್ತೇನೆ ಎಂದನು. ನಮ್ಮ ಹಳೆಯ ಶಾಸನಗಳಲ್ಲಿಯೂ ಕಾಣಿಸುವ 'ದಿವ್ಯ'ವೇ ಇದು. ಸ್ವೆರ್ರೆ ಒಪ್ಪಿದನು, ಆದರೆ ಒಂದು ಕಟ್ಟಳೆಯ ಮೇಲೆ. ದಿವ್ಯವು ಎರಿಕನ ಜನ್ಮವನ್ನು ಮಾತ್ರ ಕುರಿತದ್ದು, ಬೇರೆ ಯಾರ ಜನ್ಮವನ್ನೂ ಅಲ್ಲ! ಎರಿಕನ ಕೈ ಸುಡಲಿಲ್ಲವಂತೆ. ಸ್ವೆರ್ರೆ ಮಾತ್ರ ತನ್ನ ಕೈಯನ್ನು ಕಬ್ಬಿಣದ ಹತ್ತಿರಕ್ಕೂ ತರಲಿಲ್ಲ. ತಾನೇ ಕುಳಿತು ಬರೆಯಿಸಿದ ಕಥೆಯ ನಾಯಕನು ಇಷ್ಟು ಎಚ್ಚರಿಕೆಯ ಮನುಷ್ಯನೆಂಬುದನ್ನು ಮುಂದಿನವರು ಮರೆಮಾಡಲಿಲ್ಲವೆಂಬುದು ಸಂತೋಷದ ಸಂಗತಿ.

ಜನ್ಮದ ಮಾತು ಹೇಗೇ ಇರಲಿ, ಸಾಹಸದ ಮಾತಿನಲ್ಲಿ ಸಂಶಯಕ್ಕೆ ಎಡೆಯಿಲ್ಲ. ಆ ಕಾಲದಲ್ಲಿ ಸೋತು ಕಾಡುಪಾಲಾಗಿದ್ದ ಬಂಡಾಯಗಾರರ ತಂಡವೊಂದಿತ್ತು. ಬಟ್ಟೆಬರೆಯಿಲ್ಲದೆ ಬರ್ಚ್ ಮರದ ತೊಗಟೆಯನ್ನು ಕಾಲಿಗೆ ಸುತ್ತಿಕೊಳ್ಳುತ್ತಿದ್ದುದರಿಂದ ಜನರು ಅವರನ್ನು 'ಬಿರ್ಕೆಬೈನರ್', ಎಂದರೆ ತೊಗಟೆಗಾಲಿನವರು, ಎಂದು ಹಂಗಿಸುತ್ತಿದ್ದರು. ೧೧೭೭ರಲ್ಲಿ ತಮ್ಮ ನಾಯಕನನ್ನು ಕಳೆದುಕೊಂಡ ಇವರು ಸ್ವೆರ್ರೆಯನ್ನು ಆಶ್ರಯಿಸಿದರು. ಆರಂಭದಲ್ಲಿ ಅವನ ಬಳಿ ಇದ್ದವರು ಎಪ್ಪತ್ತು ಜನ. ಹಿಮದಡಿಯಲ್ಲಿ ಹುದುಗಿದ್ದ ಕಾಡುಹಣ್ಣುಗಳನ್ನೂ ಮರದ ತೊಗಟೆಯನ್ನೂ ತಿಂದು ಅವರು ಕಾಡುಗಳನ್ನು ದಾಟಿದರು. ಒಮ್ಮೆ ಬೆಟ್ಟದ ಮೇಲೆ ಬಿರುಗಾಳಿಗೂ ಹಿಮಕ್ಕೂ ಸಿಕ್ಕಿ, ಕುದುರೆಗಳೆಲ್ಲ ಸತ್ತು, ಮುಂದೇನೂ ತೋಚದೆ, ಬಂಡೆಯಿಂದ ಹಾರಿಕೊಂಡು ಸಾಯುವುದೇ ಲೇಸೆಂದು ಕೆಲವರು ಹೊರಟಾಗ, ಈ ಮಾಜಿ ಪಾದ್ರಿಯು ಮಾತಿನಿಂದಲೇ ಅವರನ್ನು ತಡೆದು ನಿಲ್ಲಿಸಿದನಂತೆ. ಅದೇ ವರ್ಷ ಉತ್ತರದ ಟ್ರೋಂಡ್‌ಹೈಮ್ ಪ್ರಾಂತದ ಜನಸಭೆಯು ಅವನನ್ನು ಅರಸನೆಂದು ಘೋಷಿಸಿತು.

ಮಾತು ಸ್ವೆರ್ರೆಯ ನಿಜವಾದ ಆಯುಧ. ೧೧೭೯ರಲ್ಲಿ ಟ್ರೋಂಡ್‌ಹೈಮ್ ನಗರದಲ್ಲಿ ನಡೆದ ಕಾಳಗದಲ್ಲಿ ಎರ್ಲಿಂಗನು ಬಿದ್ದನು. ಶವಸಂಸ್ಕಾರದ ಸಮಯದಲ್ಲಿ ಸ್ವೆರ್ರೆ ಎದ್ದು ನಿಂತು ಭಾಷಣ ಮಾಡಿದನು. ಮ್ಯಾಗ್ನಸನಿಗಾಗಿ ಹೋರಾಡಿ ಮಡಿದವರು, ಸುರಿದ ರಕ್ತ ತಣ್ಣಗಾಗುವ ಮೊದಲೇ, ಸ್ವರ್ಗವನ್ನು ಸೇರುವರೆಂದು ಆರ್ಚ್‌ಬಿಷಪ್ಪನು ಸಾರಿದ್ದುಂಟು. ಹಾಗಿದ್ದರೆ ಇಂದು ಒಂದೇ ದಿನದಲ್ಲಿ ಇಷ್ಟೊಂದು ಮಂದಿ ಸಂತರಾದರಲ್ಲ, ನಾವೆಲ್ಲರೂ ಹಿಗ್ಗಬೇಡವೆ ಎಂದು ಸ್ವೆರ್ರೆ ಕೇಳಿದನಂತೆ. ಸತ್ತ ವೈರಿಯ ಮುಂದೆ ನಿಂತು ಆಡಿದ ಈ ಚುಚ್ಚುಮಾತು ಸಭ್ಯವಲ್ಲ. ಆದರೆ ಎಂಟುನೂರು ವರ್ಷಗಳ ಮೇಲೆಯೂ ಅದರ ಮೊನೆ ಮೊಂಡಾಗಿಲ್ಲ.

೧೧೮೪ರ ಜೂನ್ ೧೫ರಂದು ಫಿಮ್ರೈಟೆ ಎಂಬಲ್ಲಿ, ಬೆಟ್ಟಗಳ ನಡುವೆ ಒಳನುಗ್ಗಿದ ಕಿರಿದಾದ ಕಡಲತೋಳಿನಲ್ಲಿ, ಕೊನೆಯ ಕಾಳಗ ನಡೆಯಿತು. ಮ್ಯಾಗ್ನಸನ ಹಡಗುಗಳು ೨೬, ಸ್ವೆರ್ರೆಯವು ೧೪. ತೊಗಟೆಗಾಲಿನವರು ಒಂದೊಂದೇ ಹಡಗನ್ನು ಹತ್ತಿ ಹಿಡಿಯುತ್ತ ಬಂದಂತೆ, ಅದರಲ್ಲಿದ್ದವರು ಪಕ್ಕದ ಹಡಗಿಗೆ ಹಾರಿಕೊಂಡರು. ಆ ಹಡಗುಗಳು ಭಾರ ತಾಳಲಾರದೆ ಮುಳುಗಿದವು. ಎರಡು ಸಾವಿರಕ್ಕೂ ಮಿಕ್ಕಿ ಜನ ಸತ್ತರೆಂದು ಗ್ರಂಥದ ಲೆಕ್ಕ. ಮ್ಯಾಗ್ನಸನೂ ನೀರುಪಾಲಾದನು. ಸ್ವೆರ್ರೆ ಅವನ ಶವವನ್ನು ಹುಡುಕಿಸಿ, ಬೆರ್ಗೆನ್ ನಗರಕ್ಕೆ ತರಿಸಿ, ಬಲ್ಲವರೆಲ್ಲರೂ ಬಂದು ಗುರುತಿಸುವಂತೆ ಮಾಡಿ, ಆಮೇಲೆ ರಾಜಮರ್ಯಾದೆಯಿಂದ ಹೂಳಿಸಿದನು. ನಾಳೆ ಯಾವನೋ ಒಬ್ಬನು ಬಂದು ತಾನೇ ಮ್ಯಾಗ್ನಸನೆಂದರೆ ಏನು ಗತಿ? ಅಂಥವರು ಎಲ್ಲಿಂದ ಬರುತ್ತಾರೆಂಬುದು ಸ್ವೆರ್ರೆಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು!

ಅವನ ಆಡಳಿತದ ವಿವರಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಇದು ನಮ್ಮ ಗೃಹಿಣಿಯರಿಗೆ ಮೆಚ್ಚಿಗೆಯಾದೀತು. ೧೧೮೬ರಲ್ಲಿ ಬೆರ್ಗೆನ್ ನಗರದಲ್ಲಿ ಕುಡಿತದಿಂದ ಹೊಡೆದಾಟಗಳು ಹೆಚ್ಚಿ ಕೊಲೆಗಳಾದಾಗ ಅರಸನು ಸಭೆ ಕರೆದನು. ಗೋಧಿಯನ್ನೂ ಜೇನನ್ನೂ ಬಟ್ಟೆಯನ್ನೂ ತರುವ ಇಂಗ್ಲಿಷರಿಗೆ ವಂದನೆ ಹೇಳಿ, ಬೆಣ್ಣೆಯನ್ನೂ ಒಣಮೀನನ್ನೂ ಒಯ್ದು ಅದಕ್ಕೆ ಬದಲಾಗಿ ದ್ರಾಕ್ಷಾರಸವನ್ನು ಸುರಿದುಹೋಗುವ ಜರ್ಮನ್ ವ್ಯಾಪಾರಿಗಳನ್ನು ಕಟುವಾಗಿ ಖಂಡಿಸಿದನು. ಕುಡಿತದಿಂದ ಹಣವೂ ನೆನಪೂ ಆರೋಗ್ಯವೂ ಕೊನೆಗೆ ಆತ್ಮವೂ ಹೋಗುವ ಪರಿಯನ್ನು ಎಣಿಸಿ ಹೇಳಿದನು. ಪಾದ್ರಿಯ ವಿದ್ಯೆ ಪೂರ್ತಿಯಾಗಿ ವ್ಯರ್ಥವಾಗಿರಲಿಲ್ಲ.

ಆ ವಿದ್ಯೆಯೇ ಅವನಿಗೆ ಚರ್ಚಿನೊಡನೆ ಹಗೆಯನ್ನೂ ತಂದಿತು. ಬಿಷಪ್ಪರನ್ನು ಆರಿಸುವುದರಲ್ಲಿ ಅರಸನ ಮಾತಿಗೆ ಬೆಲೆಯೆಷ್ಟು, ಆರ್ಚ್‌ಬಿಷಪ್ಪನು ಎಷ್ಟು ಮಂದಿ ಆಯುಧಧಾರಿಗಳನ್ನು ಇಟ್ಟುಕೊಳ್ಳಬಹುದು ಎಂಬಂಥ ವಿವಾದಗಳು ಬೆಳೆದು, ಆರ್ಚ್‌ಬಿಷಪ್ ಎರಿಕನು ೧೧೯೦ರಲ್ಲಿ ಡೆನ್ಮಾರ್ಕಿಗೆ ಓಡಿಹೋದನು. ಸ್ವೆರ್ರೆ ಉಳಿದ ಬಿಷಪ್ಪರಿಂದ ೧೧೯೪ರಲ್ಲಿ ಕಿರೀಟ ತೊಡಿಸಿಕೊಂಡನು. ರೋಮಿನಿಂದ ಬಹಿಷ್ಕಾರ ಬಂದಿತು. ಬಹಿಷ್ಕಾರವನ್ನು ತೆಗೆದಿರುವುದಾಗಿ ಹೇಳುವ ಪತ್ರವೊಂದು ಆಮೇಲೆ ಕಾಣಿಸಿಕೊಂಡಿತು. ಅದನ್ನು ತರಲು ಹೋದ ದೂತರು ದಾರಿಯಲ್ಲಿ ಸತ್ತಿದ್ದರು. ಪತ್ರವು ನಿಜವಾದುದೆಂದು ನಂಬುವವರು ಅಂದೂ ಕಡಮೆ, ಇಂದೂ ಕಡಮೆ. ೧೧೯೮ರಲ್ಲಿ ಮೂರನೆಯ ಇನ್ನೊಸೆಂಟ್ ಪೋಪರು ಅರಸನ ಪಕ್ಷ ಹಿಡಿದವರ ಸೀಮೆಗಳಲ್ಲಿ ಪೂಜೆಪ್ರಾರ್ಥನೆಗಳನ್ನೇ ನಿಲ್ಲಿಸುವಂತೆ ಆಜ್ಞಾಪಿಸಿದರು. ಅರಸನ ಪಕ್ಷವು ಹೆದರದೆ ಚರ್ಚಿನ ಧರ್ಮಶಾಸ್ತ್ರಗಳಿಂದಲೇ ಪ್ರಮಾಣಗಳನ್ನು ಎತ್ತಿ, ಬಿಷಪ್ಪರಿಗೆ ವಿರುದ್ಧವಾದ ವಾದಗ್ರಂಥವೊಂದನ್ನು ಬರೆಯಿಸಿ ಹರಡಿತು.

ಈ ನಡುವೆ ೧೧೯೬ರಲ್ಲಿ ನಿಕೋಲಾಸ್ ಎಂಬ ಬಿಷಪ್ಪನೇ ಒಂದು ಸೈನ್ಯವನ್ನು ಕಟ್ಟಿದ್ದನು. ಬಿಷಪ್ಪರು ಹಿಡಿಯುವ ದಂಡದ ಹೆಸರಿನಿಂದ ಅವರಿಗೆ 'ಬಾಗ್ಲರ್' ಎಂದು ಹೆಸರಾಯಿತು. ೧೧೯೭ರಲ್ಲಿ ಅರಸನು ಬೆರ್ಗೆನ್ನಿನಲ್ಲಿದ್ದಾಗ, ಟ್ರೋಂಡ್‌ಹೈಮ್ ಬಳಿ ಅವನು ಕಟ್ಟಿಸಿದ್ದ ಸ್ವೆರ್ರೆಸ್‌ಬೋರ್ಗ್ ಕೋಟೆಗೆ ಇವರು ನುಗ್ಗಿದರು. ಒಳಗಿನವರು ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ ಗುಪ್ತದ್ವಾರದಿಂದ ಪ್ರವೇಶಿಸಿ, ಉಟ್ಟ ಬಟ್ಟೆಯೊಂದನ್ನುಳಿದು ಎಲ್ಲವನ್ನೂ ದೋಚಿ, ಮನೆಗಳಿಗೆ ಬೆಂಕಿಯಿಟ್ಟರು. ಆಮೇಲೆ ಸತ್ತ ಮನುಷ್ಯನೊಬ್ಬನನ್ನು ತಲೆಕೆಳಗಾಗಿ ಬಾವಿಗೆ ಎಸೆದು, ಮೇಲೆ ಕಲ್ಲು ತುಂಬಿದರು ಎಂದು ಗ್ರಂಥದಲ್ಲಿ ಒಂದು ಸಾಲು ಬರುತ್ತದೆ. ಕುಡಿಯುವ ನೀರನ್ನು ಕೆಡಿಸುವ ಉಪಾಯ ಅದು. ಆ ಮನುಷ್ಯನು ಯಾರು, ಯಾವ ಪಕ್ಷದವನು, ಒಂದೂ ಇಲ್ಲ. ಗ್ರಂಥವು ಮುಂದಿನ ಕಾಳಗಕ್ಕೆ ಹೋಗಿಬಿಡುತ್ತದೆ. ಇದು ಅರಸನ ಕಣ್ಣೆದುರಿನಲ್ಲಿ ಬರೆದ ಭಾಗವಲ್ಲ.

ಅರಸನ ಅಂತ್ಯವೂ ಗಮನಾರ್ಹವಾದುದು. ೧೨೦೧-೦೨ರ ಚಳಿಗಾಲವನ್ನೆಲ್ಲ ಟೋನ್ಸ್‌ಬೆರ್ಗ್ ಎಂಬಲ್ಲಿ ವೈರಿಗಳ ಬೆಟ್ಟಕ್ಕೆ ಮುತ್ತಿಗೆ ಹಾಕಿ ಕಳೆದು, ಹಸಿವಿನಿಂದ ಕಂಗೆಟ್ಟು ಶರಣು ಬಂದವರಿಗೆ ಪ್ರಾಣದಾನ ಮಾಡಿ, ರೋಗಪೀಡಿತನಾಗಿ ಬೆರ್ಗೆನ್ನಿಗೆ ಮರಳಿದನು. ಚರ್ಚಿನೊಡನೆ ರಾಜಿಯಾಗುವಂತೆ ಮಗ ಹಾಕನನಿಗೆ ಪತ್ರ ಬರೆಯಿಸಿದನು. ಪ್ರಾಣ ಹೋಗುವಾಗ ತನ್ನ ಮುಖವನ್ನು ಮುಚ್ಚಬಾರದು, ಗೆಳೆಯರೂ ಹಗೆಗಳೂ ನೋಡಲಿ, ಬಿಷಪ್ಪರ ಶಾಪಗಳ ಗುರುತು ಮೈಮೇಲೆ ಮೂಡಿದೆಯೇ ಎಂಬುದನ್ನು ಅವರೇ ಕಾಣಲಿ ಎಂದನಂತೆ. ೧೨೦೨ರ ಮಾರ್ಚ್ ೯ರಂದು ತೀರಿಕೊಂಡನು. ಮುಖದಲ್ಲಿ ಯಾವ ಗುರುತೂ ಇರಲಿಲ್ಲವೆಂದೂ, ಅಷ್ಟು ಸುಂದರವಾದ ಶವವನ್ನು ತಾವು ಕಂಡಿಲ್ಲವೆಂದು ನೆರೆದವರು ಹೇಳಿದರೆಂದೂ ಗ್ರಂಥ ತಿಳಿಸುತ್ತದೆ. ಇಲ್ಲಿ ನಾನು ಎಂಟಾಣೆಯನ್ನು ಕಳೆಯುತ್ತೇನೆ. ಆದರೆ ಸಾಯುವ ಗಳಿಗೆಯಲ್ಲಿಯೂ ಸಾಕ್ಷಿಗಳನ್ನು ಕೂಡಿಸಿಕೊಂಡ ಆ ಮನಸ್ಸು ಮಾತ್ರ ಕಲ್ಪಿತವಾದುದಲ್ಲವೆಂದು ನನಗೆ ತೋರುತ್ತದೆ.

ಅವನ ವಂಶವು ಉಳಿಯಿತು. ಮೊಮ್ಮಗನಾದ ಹಾಕನನು ಎರಡು ವರ್ಷದ ಶಿಶುವಾಗಿದ್ದಾಗ, ೧೨೦೬ರಲ್ಲಿ, ಇಬ್ಬರು ತೊಗಟೆಗಾಲಿನವರು ಅವನನ್ನು ಎತ್ತಿಕೊಂಡು ಹಿಮದ ಮೇಲೆ ಜಾರುಹಲಗೆಗಳಲ್ಲಿ ಬೆಟ್ಟ ದಾಟಿಸಿದ ಕಥೆಯನ್ನು ನಾರ್ವೆಯ ಮಕ್ಕಳೆಲ್ಲರೂ ಬಲ್ಲರು.

ಇನ್ನು ಬಾವಿಯ ಸಂಗತಿ. ೧೯೩೮ರಲ್ಲಿ ಸ್ವೆರ್ರೆಸ್‌ಬೋರ್ಗಿನ ಹಾಳುಕೋಟೆಯನ್ನು ಅಗೆಯುತ್ತಿದ್ದಾಗ ಬಾವಿಯಲ್ಲಿ, ಕಲ್ಲುಗಳ ಅಡಿಯಲ್ಲಿ, ಒಂದು ಅಸ್ಥಿಪಂಜರ ಕಾಣಿಸಿತು. ಅಷ್ಟರಲ್ಲಿ ಮಹಾಯುದ್ಧ ಬಂದಿತು. ಜರ್ಮನರು ನಾರ್ವೆಯನ್ನು ಆಕ್ರಮಿಸಿದರು. ಎಲುಬುಗಳು ಅಲ್ಲಿಯೇ ಉಳಿದವು. ೨೦೧೪ರಲ್ಲಿಯೂ ೨೦೧೬ರಲ್ಲಿಯೂ ಮತ್ತೆ ಅಗೆದು ಅವುಗಳನ್ನು ಮೇಲಕ್ಕೆ ತೆಗೆದರು. ಎಲುಬಿನ ಕಾಲಗಣನೆ ಗ್ರಂಥದ ಕಾಲಕ್ಕೆ ಹೊಂದಿತು. ಹಲ್ಲಿನಿಂದ ಪಡೆದ ಡಿಎನ್‌ಎ, ಎಂದರೆ ವಂಶವಾಹಿ ದ್ರವ್ಯದ ಪರೀಕ್ಷೆಯ ಫಲಿತಾಂಶವು ೨೦೨೪ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಆತನು ಗಂಡಸು; ವಯಸ್ಸು ಮೂವತ್ತರಿಂದ ನಲವತ್ತು; ಬಹುಶಃ ನೀಲಿ ಕಣ್ಣು, ಹೊಂಬಣ್ಣದ ಅಥವಾ ತಿಳಿಗಂದು ಕೂದಲು; ಸಾಯುವುದಕ್ಕೆ ಮೊದಲೇ ತಲೆಗೆ ಪೆಟ್ಟು ಬಿದ್ದಿತ್ತು. ಗ್ರಂಥದ ಆ ಒಂದು ಸಾಲು ಹೀಗೆ ಎಂಟುನೂರು ವರ್ಷಗಳ ಮೇಲೆ ಎದ್ದು ನಿಂತಿತು.

ಅಷ್ಟೇ ಅಲ್ಲ. ಅವನು ಕೋಟೆಯ ಕಡೆಯವನು, ಸ್ವೆರ್ರೆಯ ಪಕ್ಷದವನು ಎಂದೇ ಎಲ್ಲರೂ ಭಾವಿಸಿದ್ದರು. ಆದರೆ ವಂಶವಾಹಿಗಳು ನಾರ್ವೆಯ ದಕ್ಷಿಣ ತುದಿಯ ಜನರನ್ನು ಹೋಲುತ್ತವೆ. ಬಾಗ್ಲರರ ಬಲವಿದ್ದುದು ದಕ್ಷಿಣದ ಕಡೆಯಲ್ಲಿಯೇ. ಹಾಗಾದರೆ ದಾಳಿಕಾರರು ತಮ್ಮವನ ಹೆಣವನ್ನೇ ಬಾವಿಗೆ ಎಸೆದರೆ? ಅಥವಾ ದಕ್ಷಿಣದಿಂದ ಬಂದು ಸ್ವೆರ್ರೆಯ ಕೋಟೆಯನ್ನು ಕಾಯುತ್ತಿದ್ದವನೊಬ್ಬನೆ? ಎರಡಕ್ಕೂ ಅವಕಾಶವಿದೆ.

ಸ್ವೆರ್ರೆಯನ್ನು ಹೂಳಿದುದು ಬೆರ್ಗೆನ್ನಿನ ಕ್ರಿಸ್ತ ದೇವಾಲಯದಲ್ಲಿ. ಕೋಟೆಯ ಅಗತ್ಯಕ್ಕಾಗಿ ೧೫೩೧ರಲ್ಲಿ ಆ ದೇವಾಲಯವನ್ನು ನೆಲಸಮ ಮಾಡಿದರು. ಸಮಾಧಿಯೂ ಅದರೊಡನೆ ಹೋಯಿತು. ಬಾಚಣಿಗೆಯವನ ಮಗನೋ ಅರಸನ ಮಗನೋ ಎಂದು ಕೇಳುವುದಕ್ಕೆ ಅವನದೊಂದು ಹಲ್ಲು ಕೂಡ ಯಾರ ಬಳಿಯೂ ಇಲ್ಲ.