ಮಾಪಿಗೆ ಜಾಗ ಇದೆ, ಮಾಪು ಹಿಡಿಯೋಳಿಗೆ ಇಲ್ಲ



ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ಈಗ ಕಂಪನಿಗಳಿಗೆಲ್ಲ ಒಂದು ಹೊಸ ಹುಚ್ಚು ಹಿಡಿದಿದೆ. ಆಫೀಸಿನೊಳಗೆ ಕಾಲಿಟ್ಟ ತಕ್ಷಣ ಕಂಪನಿಯ ‘ಬ್ರ್ಯಾಂಡ್’ ಕಾಣಬೇಕಂತೆ, ‘ಕಲ್ಚರ್’ ಕಾಣಬೇಕಂತೆ. ಅದಕ್ಕೆ ಅಂತಲೇ ಇಂಟೀರಿಯರ್ ಡಿಸೈನರ್‌ಗಳು ಬರ್ತಾರೆ. ಲೋಗೋದ ಬಣ್ಣ ಕುರ್ಚಿಗೆ, ಕಾರ್ಪೆಟ್ಟಿಗೆ, ಕಾಫಿ ಮಗ್ಗಿಗೆ. ಮೀಟಿಂಗ್ ರೂಮುಗಳಿಗೆ ಸಂಸ್ಕೃತದ ಹೆಸರು. ರಿಸೆಪ್ಷನ್ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ‘ನಾವೆಲ್ಲ ಒಂದೇ ಕುಟುಂಬ’.

ನಾನು ಹೇಳೋದು ಇಷ್ಟೇ. ಕಂಪನಿಯ ಸಂಸ್ಕೃತಿ ತಿಳಿಯಬೇಕಾದ್ರೆ ಗೋಡೆ ಓದಬೇಡಿ, ನಕ್ಷೆ ಓದಿ. ಯಾರಿಗೆ ಕುರ್ಚಿ ಇದೆ, ಯಾರಿಗೆ ಇಲ್ಲ? ಯಾರು ಯಾವ ಲಿಫ್ಟಲ್ಲಿ ಹೋಗ್ತಾರೆ? ಯಾರು ಯಾವ ಲೋಟದಲ್ಲಿ ನೀರು ಕುಡೀತಾರೆ? ಟಾಯ್ಲೆಟ್ ತೊಳೆಯುವ ಹೆಣ್ಣುಮಗಳು ಮಧ್ಯಾಹ್ನ ಊಟದ ಡಬ್ಬಿ ಎಲ್ಲಿ ಬಿಚ್ಚುತ್ತಾಳೆ? ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕರೆ ಆ ಕಂಪನಿಯ ಕಲ್ಚರ್ ಪೂರ್ತಿ ಸಿಕ್ಕಂಗೆ.

ಜಾಗವನ್ನು ಹಂಚಿ ಮನುಷ್ಯರನ್ನು ಅಳೆಯೋದು ಈ ದೇಶಕ್ಕೆ ಹೊಸದಲ್ಲ. ನಮ್ಮ ಹಳ್ಳಿಯೇ ಮೊದಲ ಲೇಔಟ್. ಊರು ಒಂದು ಕಡೆ, ಕೇರಿ ಇನ್ನೊಂದು ಕಡೆ. ಕವಿ ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ ‘ಊರುಕೇರಿ’ ಅಂತಲೇ ಹೆಸರಿಟ್ಟರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಟೆಯೊಳಗೆ ಯಾವ ದಿಕ್ಕಿನಲ್ಲಿ ಯಾವ ವರ್ಣದವರು ಇರಬೇಕು ಅಂತ ಲೆಕ್ಕ ಹಾಕಿ ಬರೆದಿದೆ. ಚಂಡಾಲರಿಗೆ ಕೊಟ್ಟ ಜಾಗ ಸ್ಮಶಾನದ ಆಚೆ. ಈಗಲೂ ಎಷ್ಟೋ ಆಫೀಸುಗಳಲ್ಲಿ ಡಿಸೈನರ್‌ಗಿಂತ ಮೊದಲು ವಾಸ್ತು ಪಂಡಿತರು ಬರ್ತಾರೆ. ಈಶಾನ್ಯದಲ್ಲಿ ದೇವರು, ನೈಋತ್ಯದಲ್ಲಿ ಮಾಲೀಕರು. ಹೌಸ್‌ಕೀಪಿಂಗ್‌ನವರಿಗೆ ಯಾವ ದಿಕ್ಕು ಸ್ವಾಮಿ? ಅವರಿಗೆ ದಿಕ್ಕೇ ಇಲ್ಲ.

ಬಾಬಾಸಾಹೇಬರು ಕೆಲಸ ಮಾಡಿದ ಒಂದು ಆಫೀಸನ್ನು ನೆನಪು ಮಾಡ್ಕೊಳ್ಳಿ. 1917. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದವರು ಬರೋಡಾ ಸಂಸ್ಥಾನದ ನೌಕರಿಗೆ ಸೇರಿದರು. ಜವಾನರು ಫೈಲುಗಳನ್ನು ದೂರದಿಂದಲೇ ಅವರ ಮೇಜಿನ ಮೇಲೆ ಎಸೀತಿದ್ರು. ಅವರು ಎದ್ದು ಹೊರಟರೆ ನೆಲಹಾಸನ್ನು ಸುತ್ತಿ ಇಡ್ತಿದ್ರು. ಆಫೀಸಿನಲ್ಲಿ ಅವರಿಗೆ ಕುಡಿಯೋ ನೀರು ಸಿಗ್ತಿರಲಿಲ್ಲ. ಇದನ್ನೆಲ್ಲ ಧನಂಜಯ ಕೀರ್ ಬಾಬಾಸಾಹೇಬರ ಜೀವನಚರಿತ್ರೆಯಲ್ಲಿ ದಾಖಲಿಸಿದ್ದಾರೆ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಬರೋಡಾದ ‘ಬ್ರ್ಯಾಂಡ್’ ಏನು? ಸುಧಾರಣೆ. ಮಹಾರಾಜ ಸಯಾಜಿರಾವ್ ಗಾಯಕವಾಡರೇ ಬಾಬಾಸಾಹೇಬರ ಓದಿಗೆ ವಿದ್ಯಾರ್ಥಿವೇತನ ಕೊಟ್ಟವರು. ಮಹಾರಾಜರ ಉದ್ದೇಶ ದೊಡ್ಡದೇ ಇತ್ತು. ಆದರೆ ಆಫೀಸಿನ ಮೇಜು, ನೆಲಹಾಸು, ನೀರಿನ ಪಾತ್ರೆ ಬೇರೆಯೇ ಹೇಳ್ತಿದ್ವು. ಬಾಬಾಸಾಹೇಬರಿಗೆ ಸಿಕ್ಕಿದ್ದು ಆ ನೆಲಹಾಸಿನ ಸಂಸ್ಕೃತಿ.

ನೂರು ವರ್ಷ ಆಯ್ತು. ಈಗ ಕಾರ್ಪೆಟ್ಟನ್ನು ಗಮ್ ಹಾಕಿ ಅಂಟಿಸಿರ್ತಾರೆ, ಸುತ್ತೋಕೆ ಆಗಲ್ಲ. ಬದಲಾಗಿದ್ದು ಅಷ್ಟೇನಾ?

ನಾನು ಹೊರಗೆ ನಿಂತು ಮಾತಾಡ್ತಿಲ್ಲ. ಒಂದು ಖಾಸಗಿ ಆಫೀಸಿನ ಅಡ್ಮಿನ್ ಸೆಕ್ಷನ್ನಿನಲ್ಲಿ ಗುಮಾಸ್ತ ನಾನು. ಕೊಟೇಷನ್ ಫೈಲ್ ಮಾಡೋದು, ಬಿಲ್ ಪಾಸ್ ಮಾಡಿಸೋದು ನನ್ನ ಕೆಲಸ. ಈಗ ನಮ್ಮಲ್ಲೂ ಆಫೀಸ್ ಹೊಸದು ಮಾಡೋ ಕೆಲಸ ಶುರುವಾಗಿದೆ. ಜಿಪ್ಸಂ ಸೀಲಿಂಗ್ ಎಷ್ಟು ಚದರಡಿ, ಗಾಜಿನ ಪಾರ್ಟಿಷನ್ ಎಷ್ಟು, ಗೋಡೆ ಮೇಲೆ ಅಂಟಿಸೋ ವಿನೈಲ್ ಅಕ್ಷರಕ್ಕೆ ಏನು ರೇಟು, ಪ್ರತಿ ಕಾಗದವೂ ನನ್ನ ಮೇಜು ದಾಟಿಯೇ ಹೋಗುತ್ತೆ. ನಕ್ಷೆಯೂ ಬಂತು. ಬಣ್ಣ ಹಾಕಿದ ಚೆಂದದ ನಕ್ಷೆ. ಎಂಡಿ ಕ್ಯಾಬಿನ್, ಫೋನ್ ಬೂತು, ಟೇಬಲ್ ಟೆನ್ನಿಸ್ ಆಡೋ ಜಾಗ, ಸುಸ್ತಾದವರಿಗೆ ಮಲಗೋ ರೂಮು. ನಾನು ಬೆರಳಿಟ್ಟು ಹುಡುಕಿದೆ. ಎಂಟು ಜನ ಹೌಸ್‌ಕೀಪಿಂಗ್ ಹೆಣ್ಣುಮಕ್ಕಳು ಇದ್ದಾರೆ ನಮ್ಮಲ್ಲಿ. ಅವರ ಹೆಸರಲ್ಲಿ ಒಂದೇ ಒಂದು ಚೌಕ ಇತ್ತು, ಟಾಯ್ಲೆಟ್ ಪಕ್ಕ ನಾಲ್ಕಡಿಯದು. ಒಳಗೆ ಏನು ಅಂತ ಬರೆದಿದ್ದರು ಗೊತ್ತಾ? ಮಾಪು, ಬಕೆಟ್, ಫಿನಾಯ್ಲ್. ಮಾಪಿಗೆ ಜಾಗ ಇದೆ, ಮಾಪು ಹಿಡಿಯೋಳಿಗೆ ಇಲ್ಲ.

ಅವರು ಈಗ ಊಟ ಮಾಡೋದು ಫೈರ್ ಎಕ್ಸಿಟ್ ಮೆಟ್ಟಿಲ ಮೇಲೆ. ಹೊಸ ನಕ್ಷೆಯಲ್ಲೂ ಅದೇ ಮೆಟ್ಟಿಲು ಗತಿ. ಮೀಟಿಂಗಿನಲ್ಲಿ ಕೇಳಿದೆ, “ಸರ್, ಇವರು ಎಲ್ಲಿ ಕೂತು ಊಟ ಮಾಡ್ಬೇಕು?” ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, “ಅವರು ನಮ್ಮ ಸ್ಟಾಫ್ ಅಲ್ವಲ್ಲ ರೀ, ಏಜೆನ್ಸಿಯವರು” ಅಂದ್ರು. ಇನ್ನೊಬ್ಬರಿಗೆ ಕರುಣೆ ಬಂತು. “ಬೇಕಾದ್ರೆ ಬೇಸ್‌ಮೆಂಟಲ್ಲಿ ಒಂದು ಟೇಬಲ್ ಹಾಕ್ಸೋಣ ಬಿಡಿ.” ಬೇಸ್‌ಮೆಂಟಲ್ಲಿ ಇರೋದು ಜನರೇಟರ್.

ಅಂದ್ರೆ ‘ಒಂದೇ ಕುಟುಂಬ’ದೊಳಗೆ ಬರಬೇಕಾದ್ರೂ ಯಾರ ಮಸ್ಟರ್ ರೋಲಲ್ಲಿ ಹೆಸರಿದೆ ಅಂತ ನೋಡ್ತಾರೆ. ಹಿಂದೆ ಹುಟ್ಟಿನಿಂದ ಹೊರಗಿಟ್ಟರು, ಈಗ ಗುತ್ತಿಗೆಯಿಂದ. ಹೊರಗುಳಿದವರು ಮಾತ್ರ ಅದೇ ಕೇರಿಯವರು.

ಕಾನೂನು ಇಲ್ವಾ ಅಂತ ಕೇಳ್ಬಹುದು. ಗುತ್ತಿಗೆ ಕಾರ್ಮಿಕರಿಗೆ ಕುಡಿಯುವ ನೀರು, ಶೌಚಾಲಯ, ಕೈಕಾಲು ತೊಳೆಯೋ ವ್ಯವಸ್ಥೆಯನ್ನು ಗುತ್ತಿಗೆದಾರ ಕೊಡಬೇಕು, ಅವನು ಕೊಡದಿದ್ರೆ ಮುಖ್ಯ ಮಾಲೀಕ ಕೊಡಲೇಬೇಕು ಅಂತ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಬರೆದಿತ್ತು. ಆದರೆ ಆ ಕಾಯ್ದೆ ಅನ್ವಯ ಆಗೋಕೆ 20 ಜನ ಇರಬೇಕಿತ್ತು. 2020ರ ಕಾರ್ಮಿಕ ಸಂಹಿತೆಯಲ್ಲಿ ಅದನ್ನು 50ಕ್ಕೆ ಏರಿಸಿದ್ರು. ನಮ್ಮ ಆಫೀಸಿನ ಎಂಟು ಜನ ಅಲ್ಲಿಗೂ ಸೇರಲಿಲ್ಲ, ಇಲ್ಲಿಗೂ ಸೇರಲಿಲ್ಲ. ಎಂಟೇ ಜನ ಇದ್ರೆ ಹಸಿವಾಗಲ್ವಾ? ಕಾಲು ನೋಯಲ್ವಾ? ‘ಕಾನೂನು ಹೇಳಿಲ್ಲ’ ಅನ್ನೋರಿಗೆ ನನ್ನದೊಂದು ಮಾತು: ಲೋಗೋ ಬಣ್ಣದ ಸೋಫಾ ಹಾಕಿ ಅಂತ ಯಾವ ಕಾನೂನೂ ಹೇಳಿಲ್ಲ. ಅದನ್ನು ಹಾಕ್ತೀರಲ್ಲ?

ಇನ್ನು ಲೋಟದ ವಿಷಯ. ಹಳ್ಳಿ ಹೋಟೆಲಿನ ಎರಡು ಲೋಟದ ಪದ್ಧತಿ ವಿರುದ್ಧ ದಲಿತ ಚಳವಳಿ ಎಷ್ಟು ಹೋರಾಡಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಈಗ ಬನ್ನಿ, ಆಫೀಸಿನ ಪ್ಯಾಂಟ್ರಿಗೆ. ಸ್ಟಾಫ್‌ಗೆ ಲೋಗೋ ಹಾಕಿದ ಪಿಂಗಾಣಿ ಮಗ್ಗು. ಹೌಸ್‌ಕೀಪಿಂಗ್‌ನವರಿಗೆ, ಸೆಕ್ಯುರಿಟಿಯವರಿಗೆ ಪೇಪರ್ ಕಪ್ಪು. “ಹೈಜಿನ್ ಸರ್” ಅಂತಾರೆ. ಆ ಮಗ್ಗುಗಳನ್ನು ತೊಳೆಯೋರು ಯಾರು? ಇವರೇ. ಇವರು ತೊಳೆದ ಮಗ್ಗು ಶುದ್ಧ, ಇವರು ಕುಡಿದ ಮಗ್ಗು ಅಶುದ್ಧ! ಮನು ಕೂಡ ಇಷ್ಟು ನೀಟಾಗಿ ಬ್ರ್ಯಾಂಡಿಂಗ್ ಮಾಡಿರಲಿಲ್ಲ.

ಇತ್ತೀಚೆಗೆ ‘ಲೋಕಲ್ ಟಚ್’ ಅನ್ನೋದು ಒಂದು ಬಂದಿದೆ. ಮಲೆನಾಡಿನ ದೀವರ ಹೆಣ್ಣುಮಕ್ಕಳ ಚಿತ್ತಾರ ಗೋಡೆ ಮೇಲೆ ಪ್ರಿಂಟ್ ಆಗುತ್ತೆ. ತೊಗಲುಗೊಂಬೆ ಗಾಜಿನ ಪೆಟ್ಟಿಗೆಯಲ್ಲಿ. ಒಂದು ಲಾಬಿಯಲ್ಲಿ ತಮಟೆ ನೇತುಹಾಕಿ ಕೆಳಗೆ ಸ್ಪಾಟ್‌ಲೈಟ್ ಬಿಟ್ಟಿದ್ದನ್ನು ನೋಡಿದೆ. ಚರ್ಮ ಹದ ಮಾಡಿದವರು, ಸಾವಿನ ಮುಂದೆ ಬಡಿದವರು, ಅದೇ ಕಾರಣಕ್ಕೆ ಮುಟ್ಟಿಸಿಕೊಳ್ಳದೆ ಉಳಿದವರು ನಮ್ಮಪ್ಪ, ನಮ್ಮಜ್ಜ. ತಮಟೆಗೆ ಲಾಬಿಯಲ್ಲಿ ಜಾಗ ಸಿಕ್ತು. ತಮಟೆಯವನ ಮಗಳು ಹಿಂದಿನ ಗೇಟಿಂದ ಒಳಗೆ ಬರ್ತಾಳೆ. ಕಲೆ ಬೇಕು, ಕಲೆ ಮಾಡಿದ ಕೈ ಬೇಡ. ಇದಕ್ಕೆ ಗೌರವ ಅಂತ ಹೆಸರಿಡಬೇಡಿ.

ದೊಡ್ಡ ಕಂಪನಿಗಳ ಕಥೆಯನ್ನೂ ನೋಡೋಣ. ಗೂಗಲ್ 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಮಹದೇವಪುರದಲ್ಲಿ ಭಾರಿ ಕ್ಯಾಂಪಸ್ ತೆರೆಯಿತು. ಹೆಸರು ‘ಅನಂತ’. ಜನ ಸೇರುವ ಜಾಗಕ್ಕೆ ‘ಸಭಾ’ ಅಂತ ಹೆಸರು. ಅಲ್ಲಿ ಕಣ್ಣು ಕಾಣದವರಿಗಾಗಿ ನೆಲದಲ್ಲೇ ದಾರಿ ತೋರಿಸುವ ಉಬ್ಬು ಗುರುತುಗಳಿವೆ, ಬ್ರೈಲ್ ಇದೆ. ಇದನ್ನು ಮೆಚ್ಚಿಯೇ ಹೇಳ್ತೀನಿ. ಮನಸ್ಸು ಮಾಡಿದ್ರೆ ಹೊರಗುಳಿದವರನ್ನು ನೆನಪಿಟ್ಟುಕೊಂಡೇ ನೆಲ ಹಾಕಿಸಬಹುದು ಅನ್ನೋದಕ್ಕೆ ಇದೇ ಸಾಕ್ಷಿ. ಆದರೆ ಇದೇ ಕಂಪನಿ 2022ರಲ್ಲಿ ಅಮೆರಿಕದಲ್ಲಿ ಏನು ಮಾಡ್ತು? ದಲಿತ ಹೋರಾಟಗಾರ್ತಿ ತೇನ್‌ಮೊಳಿ ಸೌಂದರರಾಜನ್ ಅವರು ಉದ್ಯೋಗಿಗಳಿಗೆ ಜಾತಿಯ ಬಗ್ಗೆ ಕೊಡಬೇಕಿದ್ದ ಉಪನ್ಯಾಸವನ್ನು ರದ್ದು ಮಾಡ್ತು. ಉಪನ್ಯಾಸ ಏರ್ಪಡಿಸಿದ್ದ ತನುಜಾ ಗುಪ್ತಾ ಕೆಲಸ ಬಿಟ್ಟರು. ಜಾತಿ ತಾರತಮ್ಯಕ್ಕೆ ನಮ್ಮಲ್ಲಿ ಜಾಗ ಇಲ್ಲ, ಆದರೆ ಈ ಉಪನ್ಯಾಸ ಒಗ್ಗೂಡಿಸುವ ಬದಲು ಒಡಕು ತರ್ತಿದೆ ಅನ್ನೋದು ಕಂಪನಿ ಕೊಟ್ಟ ಕಾರಣ. ಸಭಾ ಅಂತ ಹೆಸರಿಡೋದು ಸುಲಭ. ಸಭೆಯಲ್ಲಿ ಯಾರು ಬಾಯಿ ಬಿಡಬಹುದು ಅನ್ನೋದರಲ್ಲಿ ಕಲ್ಚರ್ ಇರೋದು.

ಹಾಗಾದ್ರೆ ಗೋಡೆಗೆ ಬೆಲೆನೇ ಇಲ್ವಾ? ಇದೆ. 2022ರ ಗಣರಾಜ್ಯೋತ್ಸವದ ದಿನ ರಾಯಚೂರಿನ ನ್ಯಾಯಾಲಯದಲ್ಲಿ ಬಾಬಾಸಾಹೇಬರ ಭಾವಚಿತ್ರ ತೆಗೆಸಿದ ಆರೋಪ ಬಂದಾಗ ನಾವೆಲ್ಲ ಬೀದಿಗಿಳಿದೆವು. ಫೆಬ್ರವರಿಯಲ್ಲಿ ಹೈಕೋರ್ಟ್ ಸುತ್ತೋಲೆ ಹೊರಡಿಸಿ, ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ಸಂವಿಧಾನ ದಿನದಂದು ಕೋರ್ಟುಗಳಲ್ಲಿ ಬಾಬಾಸಾಹೇಬರ ಭಾವಚಿತ್ರ ಇಡಬೇಕು ಅಂತ ಹೇಳ್ತು. 2024ರಲ್ಲಿ ಸರ್ಕಾರಿ ಕಚೇರಿಗಳಿಗೆ ಬಸವಣ್ಣನವರ ಭಾವಚಿತ್ರವೂ ಬಂತು. ಯಾರ ಮುಖ ಗೋಡೆ ಮೇಲಿದೆ ಅನ್ನೋದು ಸಣ್ಣ ವಿಷಯ ಅಲ್ಲ. ಆದರೆ ಫೋಟೋ ಕೆಳಗೇ ಪೇಪರ್ ಕಪ್ಪು ಬೇರೆ ಇಟ್ಟರೆ ಆ ಫೋಟೋಗೆ ಮಾಡಿದ ಅವಮಾನ ಅದು. ವಿಧಾನಸೌಧದ ನೆತ್ತಿಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಕೆತ್ತಿಸಿ ಎಷ್ಟು ವರ್ಷ ಆಯ್ತು? ಸರ್ಕಾರಿ ಕಚೇರಿಗಳಲ್ಲಿ ದೇವರ ಕೆಲಸದ ಕಸ ಗುಡಿಸೋರನ್ನೂ ಹೊರಗುತ್ತಿಗೆಗೆ ಹಾಕಿದ್ದಾರೆ.

ನಕ್ಷೆ ತಾನಾಗಿ ಬದಲಾಗಲ್ಲ. ಕೇರಳವನ್ನು ನೋಡಿ. ಬಟ್ಟೆ ಅಂಗಡಿ, ಚಿನ್ನದ ಅಂಗಡಿಗಳಲ್ಲಿ ಕೆಲಸದ ಹೆಣ್ಣುಮಕ್ಕಳು ಇಡೀ ದಿನ ನಿಂತೇ ಇರಬೇಕಿತ್ತು. ಅಂಗಡಿ ತುಂಬ ದೀಪ, ಕನ್ನಡಿ, ಎಸಿ. ಇವರಿಗೆ ಒಂದು ಸ್ಟೂಲು ಇಲ್ಲ. ಕೋಯಿಕ್ಕೋಡಿನ ಟೈಲರ್ ಪಿ. ವಿಜಿ ಮತ್ತು ಅವರ ಸಂಗಾತಿಗಳು ‘ಕೂರುವ ಹಕ್ಕು’ ಬೇಕು ಅಂತ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ಕಾನೂನು ತಿದ್ದಿತು, 2021ರಲ್ಲಿ ತಮಿಳುನಾಡೂ ತಿದ್ದಿತು. ಒಂದು ಸ್ಟೂಲಿಗಾಗಿ ಕಾನೂನು! ಯಾವ ಡಿಸೈನರ್ ಕೈಯಿಂದಲೂ ಆಗದ ಇಂಟೀರಿಯರ್ ಕೆಲಸವನ್ನು ಆ ಹೆಣ್ಣುಮಕ್ಕಳು ಮಾಡಿದರು.

ಕಾಮೆಂಟಿಗೆ ಬರುವವರಿಗೆ ಮೊದಲೇ ಉತ್ತರ ಕೊಟ್ಟುಬಿಡ್ತೀನಿ.

“ಎಲ್ಲದರಲ್ಲೂ ಜಾತಿ ಹುಡುಕ್ತೀರಿ.” ಹುಡುಕೋದೇನಿದೆ? ಕ್ಯಾಬಿನ್ ಬಾಗಿಲ ಮೇಲಿನ ಹೆಸರುಗಳನ್ನು ಓದಿ. ಆಮೇಲೆ ಹೌಸ್‌ಕೀಪಿಂಗ್ ಹಾಜರಿ ಪುಸ್ತಕದ ಹೆಸರುಗಳನ್ನು ಓದಿ, ಅವರ ಊರಲ್ಲಿ ಅವರ ಮನೆ ಎಲ್ಲಿದೆ ಅಂತ ಕೇಳಿ.

“ಬೆಂಗಳೂರಲ್ಲಿ ಬಾಡಿಗೆ ಎಷ್ಟು ಗೊತ್ತಾ, ಜಾಗ ಎಲ್ಲಿದೆ?” ಟೇಬಲ್ ಟೆನ್ನಿಸ್ ಟೇಬಲ್ಲಿಗೆ ಇದೆಯಲ್ಲ, ಅಲ್ಲೇ.

“ಅವರೇ ಕೇಳಿಲ್ಲ, ನಿಮಗ್ಯಾಕೆ?” ನಮ್ಮ ಆಫೀಸಿನ ಒಬ್ಬ ಅಕ್ಕನ ಹತ್ತಿರ ಈ ಮಾತು ತೆಗೆದಾಗ ಆಕೆ ಹೇಳಿದ್ದು, “ಬ್ಯಾಡ ಬಿಡಣ್ಣ, ರೂಮು ಕೇಳಕ್ಕೋಗಿ ಇರೋ ಕೆಲ್ಸಾನೂ ಹೋದೀತು.” ಬಾಯಿ ಬಿಟ್ಟರೆ ಅನ್ನ ಹೋಗುತ್ತೆ ಅನ್ನೋ ಈ ಭಯ ಇದೆಯಲ್ಲ, ಇದು ನಿಮ್ಮ ಕಂಪನಿಯ ನಿಜವಾದ ಬ್ರ್ಯಾಂಡು. ಗೋಡೆ ಮೇಲೆ ಅದನ್ನೇ ಬರೆಸಿ.

ಚೆಂದದ ಆಫೀಸಿನ ಮೇಲೆ ನನಗೇನೂ ಕೋಪ ಇಲ್ಲ. ಗಾಳಿ, ಬೆಳಕು, ಒಳ್ಳೆ ಕುರ್ಚಿ ಯಾರಿಗೆ ಬೇಡ? ನಾವು ಕೇಳೋದು ಇಷ್ಟು:

1. ನಕ್ಷೆಗೆ ಮೊದಲ ಗೆರೆ ಎಳೆಯುವ ಮುಂಚೆ ಡಿಸೈನರ್ ಹೌಸ್‌ಕೀಪಿಂಗ್, ಪ್ಯಾಂಟ್ರಿ, ಸೆಕ್ಯುರಿಟಿಯವರ ಜೊತೆ ಕೂತು ಮಾತಾಡಬೇಕು. ಏಜೆನ್ಸಿ ಸೂಪರ್‌ವೈಸರ್ ಪಕ್ಕದಲ್ಲಿ ಇರಬಾರದು.

2. ಊಟದ ಕೋಣೆ ಒಂದೇ, ಎಲ್ಲರಿಗೂ. ‘ಅವರಿಗೆ ಬೇರೆ ರೂಮ್ ಕೊಡ್ತೀವಿ’ ಅನ್ನೋದು ಹೊಸ ಕೇರಿ ಕಟ್ಟಿದಂಗೆ.

3. ಒಂದೇ ನೀರು, ಒಂದೇ ಲೋಟ, ಒಂದೇ ಲಿಫ್ಟ್, ಒಂದೇ ಟಾಯ್ಲೆಟ್.

4. ಬಟ್ಟೆ ಬದಲಿಸೋಕೆ ಚಿಲಕ ಇರೋ ಕೋಣೆ, ಚೀಲ ಇಡೋಕೆ ಬೀಗ ಇರೋ ಲಾಕರ್, ಗೇಟಲ್ಲಿ ನಿಲ್ಲೋ ಸೆಕ್ಯುರಿಟಿಯವರಿಗೆ ಕುರ್ಚಿ.

5. ಕಟ್ಟಡದ ಕೊಳಚೆ ಗುಂಡಿಗೆ, ಎಸ್‌ಟಿಪಿಗೆ ಮನುಷ್ಯ ಇಳಿಯುವ ಸಂದರ್ಭವೇ ಬರದ ಹಾಗೆ ಮೊದಲೇ ಯೋಜನೆ ಮಾಡಬೇಕು. ರಕ್ಷಣೆ ಇಲ್ಲದೆ ಮನುಷ್ಯರನ್ನು ಒಳಚರಂಡಿಗೆ, ಮಲದ ಗುಂಡಿಗೆ ಇಳಿಸೋದನ್ನು 2013ರ ಕಾಯ್ದೆ ನಿಷೇಧಿಸಿದೆ. ಲಾಬಿ ಎಷ್ಟು ಹೊಳೆದರೂ ಗುಂಡಿಯಲ್ಲಿ ಹೆಣ ಬಿದ್ದರೆ ಆ ಕಂಪನಿಗೆ ಸಂಸ್ಕೃತಿ ಇಲ್ಲ.

ನಮ್ಮ ಆಫೀಸಿನ ನಕ್ಷೆ ಇನ್ನೂ ಅಂತಿಮ ಆಗಿಲ್ಲ. ಈ ಬೇಡಿಕೆಗಳನ್ನು ಒಂದು ಪುಟದಲ್ಲಿ ಟೈಪ್ ಮಾಡಿ, ಸಹಿ ಹಾಕಿ ಫೈಲಿಗೆ ಸೇರಿಸಿದ್ದೀನಿ. ಬಾಯಿ ಮಾತನ್ನು ಮರೆತುಬಿಡಬಹುದು, ಫೈಲಲ್ಲಿರೋ ಕಾಗದಕ್ಕೆ ಯಾರಾದರೂ ಉತ್ತರ ಬರೀಲೇಬೇಕು. ಗುಮಾಸ್ತನಿಗೆ ಇರೋ ಅಧಿಕಾರ ಇಷ್ಟೇ. ಆದರೆ ನಮ್ಮಂಥ ಗುಮಾಸ್ತರು, ಅಕೌಂಟೆಂಟ್‌ಗಳು, ಎಂಜಿನಿಯರ್‌ಗಳು ಎಷ್ಟು ಆಫೀಸುಗಳಲ್ಲಿ ಇದ್ದೀವಿ ಲೆಕ್ಕ ಹಾಕಿ. ಮೀಸಲಾತಿಯಿಂದ ಓದಿ, ಹೋರಾಟದಿಂದ ಕುರ್ಚಿ ಪಡೆದವರು ನಾವು. ಕುರ್ಚಿ ಇರೋರು ಕುರ್ಚಿ ಇಲ್ಲದವರ ಬಗ್ಗೆ ಒಂದು ಕಾಗದ ಬರೆಯಲಿ.

ಈ ವಾರ ನಿಮ್ಮ ಆಫೀಸಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಎದ್ದು ಹೋಗಿ, ಹೌಸ್‌ಕೀಪಿಂಗ್‌ನವರು ಎಲ್ಲಿ ಊಟ ಮಾಡ್ತಿದ್ದಾರೆ ನೋಡಿ ಬನ್ನಿ. ಆ ಜಾಗ ಹೇಗಿದೆ ಅಂತ ಕಾಮೆಂಟಲ್ಲಿ ಬರೀರಿ. ಅವರ ಹೆಸರು, ಫೋಟೋ ಮಾತ್ರ ಹಾಕಬೇಡಿ, ಅವರ ಕೆಲಸಕ್ಕೆ ಕುತ್ತು ಬರಬಾರದು. ಆಮೇಲೆ ನಿಮ್ಮ ಅಡ್ಮಿನ್‌ಗೆ ಲಿಖಿತವಾಗಿ ಕೊಡಿ. ಅರ್ಜಿ ಬರೆಯೋಕೆ ತೊಂದರೆ ಆದ್ರೆ ನನಗೆ ಮೆಸೇಜ್ ಮಾಡಿ, ಕನ್ನಡದಲ್ಲಿ ಬರೆದು ಕೊಡ್ತೀನಿ.

ಜೈ ಭೀಮ್.