ಬಡ್ಡಿಯ ದರವೂ ಪ್ರಜೆಯ ಹಕ್ಕೂ

ವಾರವು ಮುಗಿಯುತ್ತ ಬಂದಂತೆ ಪೇಟೆಯ ವಾರ್ತೆಗಳಲ್ಲೆಲ್ಲ ಒಂದೇ ಪ್ರಶ್ನೆಯು ಕೇಳಿಬರುತ್ತದೆ: ಬರುವ ವಾರದಲ್ಲಿ ಏನಾದೀತು? ವಾಶಿಂಗ್ಟನ್ನಿನಲ್ಲಿ ಅಮೇರಿಕೆಯ ಫೆಡರಲ್ ರಿಜರ್ವಿನ ಸಮಿತಿಯು ವರ್ಷಕ್ಕೆ 8 ಸಲ ಕೂಡುತ್ತದೆ. ಲಂಡನ್ನು, ಫ್ರಾಂಕ್‌ಫುರ್ಟುಗಳಲ್ಲಿಯೂ ಅಂಥವೇ ಸಭೆಗಳು ನಡೆಯುತ್ತವೆ. ಮುಂಬಯಿಯಲ್ಲಿ ನಮ್ಮ ರಿಜರ್ವ್ ಬ್ಯಾಂಕಿನ 6 ಜನರ ಸಮಿತಿಯು ಸುಮಾರು ಎರಡು ತಿಂಗಳಿಗೊಮ್ಮೆ ಕುಳಿತು ಬಡ್ಡಿಯ ದರವನ್ನು ಗೊತ್ತುಮಾಡುತ್ತದೆ. ಇಂಥ ವಾರವು ಸಮೀಪಿಸಿತೆಂದರೆ ಶೇರು ಪೇಟೆಯ ದಲಾಲರೂ ಸರಾಫರೂ ಕಿವಿ ನಿಮಿರಿಸಿ ಕುಳಿತಿರುತ್ತಾರೆ. ನಮ್ಮ ಊರಿನ ಮಾಸ್ತರರಾದರೋ, ‘ಇದು ಸಾವಕಾರರ ಮಾತು, ನಮಗೇಕೆ?’ ಎಂದು ಪತ್ರಿಕೆಯ ಆ ಪುಟವನ್ನು ಮಗುಚಿಬಿಡುತ್ತಾರೆ. ಆ ಪುಟವನ್ನು ಮಗುಚಬಾರದೆಂಬುದೇ ನಮ್ಮ ಇಂದಿನ ವಿಜ್ಞಾಪನೆಯು.

ನಾಣ್ಯದ ಮಾತು ಪರರ ಕೈಯಲ್ಲಿದ್ದರೆ ಏನಾಗುವುದೆಂಬುದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದರು. 1931ನೆಯ ಸಪ್ಟೆಂಬರ 21ರಂದು ಇಂಗ್ಲಂಡವು ತನ್ನ ಪೌಂಡನ್ನು ಬಂಗಾರದ ಕಟ್ಟಿನಿಂದ ಬಿಡಿಸಿಕೊಂಡಿತು. ಆಗ ರೂಪಾಯಿಯ ಗತಿಯೇನೆಂದು ಈ ದೇಶದ ಜನರನ್ನು ಯಾರೂ ಕೇಳಲಿಲ್ಲ. ಒಂದು ರೂಪಾಯಿಗೆ 1 ಶಿಲ್ಲಿಂಗು 6 ಪೆನ್ಸ್ ಎಂಬ ಹಳೆಯ ದರದಲ್ಲಿಯೇ ಅದನ್ನು ಪೌಂಡಿನ ಬಾಲಕ್ಕೆ ಕಟ್ಟಬೇಕೆಂದು ಲಂಡನ್ನಿನಲ್ಲಿ ಕುಳಿತ ಭಾರತ ಮಂತ್ರಿಯು ನಿರ್ಣಯಿಸಿದನು. ಧಾರಣೆಗಳು ನೆಲ ಕಚ್ಚಿದ್ದ ಕಾಲವದು. ಕಂದಾಯಕ್ಕೂ ಸಾಲಕ್ಕೂ ದಾರಿಗಾಣದ ಒಕ್ಕಲಿಗನು ಹೆಂಡತಿಯ ಕೊರಳಿನ ಬಂಗಾರವನ್ನು ಮಾರಿದನು. ಅದು ಮುಂಬಯಿಯ ಬಂದರದಿಂದ ಹಡಗನ್ನೇರಿ ಸಾಗಿಹೋಯಿತು. ರಿಜರ್ವ್ ಬ್ಯಾಂಕು ಹುಟ್ಟಿದ್ದು 1935ರಲ್ಲಿ; ಅದು ರಾಷ್ಟ್ರದ ಸೊತ್ತಾದದ್ದು 1949ರ ಜನವರಿ 1ರಂದು.

ಇಂದು ನಮಗೆ ಅಪ್ಪಣೆ ಮಾಡುವ ಭಾರತ ಮಂತ್ರಿಯಿಲ್ಲ. ಆದರೂ ಹೊರಗಿನ ಗಾಳಿಯು ನಮ್ಮ ದೀಪವನ್ನು ಅಲುಗಿಸುವುದು ತಪ್ಪಿಲ್ಲ. 2013ನೆಯ ಮೇ 22ರಂದು ಫೆಡರಲ್ ರಿಜರ್ವಿನ ಅಂದಿನ ಅಧ್ಯಕ್ಷರಾದ ಬೆನ್ ಬರ್ನಾಂಕೆಯವರು, ತಿಂಗಳು ತಿಂಗಳು ಪೇಟೆಗೆ ಸುರಿಯುತ್ತಿದ್ದ ಹಣವನ್ನು ಮುಂದೆ ಕಡಿಮೆ ಮಾಡಬಹುದೆಂದು ತಮ್ಮ ಶಾಸನಸಭೆಯ ಮುಂದೆ ಸೂಚಿಸಿದರು. ಮಾಡಿದರೆಂದಲ್ಲ, ಮಾಡಬಹುದೆಂದು ಮಾತ್ರ! ಅಷ್ಟಕ್ಕೇ ಪರದೇಶದ ಬಂಡವಾಳವು ನಮ್ಮ ಪೇಟೆಯಿಂದ ಕಾಲ್ದೆಗೆಯಿತು. ಮೇ ತಿಂಗಳಲ್ಲಿ ಡಾಲರಿಗೆ 55ರ ಸುಮಾರಿನಲ್ಲಿದ್ದ ರೂಪಾಯಿಯು ಆಗಸ್ಟ ಕೊನೆಗೆ 68ನ್ನು ದಾಟಿತು. ಎಣ್ಣೆಯನ್ನು ಹೊರಗಿನಿಂದ ಕೊಳ್ಳುವ ದೇಶಕ್ಕೆ ಇದರ ಅರ್ಥವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಶಿಂಗ್ಟನ್ನಿನ ಒಂದು ವಾಕ್ಯದ ಭಾರವನ್ನು ಹುಬ್ಬಳ್ಳಿಯ ಸಂತೆಗೆ ಹೋಗುವ ಬಂಡಿಯೂ ಹೊರಬೇಕಾಗುತ್ತದೆ.

ಮನೆಯ ಲೆಕ್ಕವನ್ನೇ ನೋಡೋಣ. 2022ರ ಮೇ ತಿಂಗಳಿನಿಂದ 2023ರ ಫೆಬ್ರುವರಿಯ ವರೆಗೆ ನಮ್ಮ ರಿಜರ್ವ್ ಬ್ಯಾಂಕು ತನ್ನ ರೆಪೊ ದರವನ್ನು ಶೇಕಡಾ 4ರಿಂದ ಆರೂವರೆಗೆ ಏರಿಸಿತು. 2019ರ ಅಕ್ಟೋಬರದಿಂದ ಕೊಟ್ಟ ಮನೆಸಾಲಗಳಲ್ಲಿ ಬಹುಭಾಗವು ಈ ದರಕ್ಕೇ ಕಟ್ಟಲ್ಪಟ್ಟಿದೆ. 20 ಲಕ್ಷ ರೂಪಾಯಿಗಳನ್ನು 20 ವರ್ಷಗಳ ವಾಯಿದೆಗೆ ಶೇಕಡಾ 7ರಂತೆ ಪಡೆದ ಮಾಸ್ತರರು ತಿಂಗಳಿಗೆ ಸುಮಾರು 15,500 ರೂಪಾಯಿ ಕಟ್ಟುವರು. ಅದೇ ಸಾಲಕ್ಕೆ ಶೇಕಡಾ ಒಂಬತ್ತೂವರೆಯಾದರೆ ಕಂತು 18,600ನ್ನು ಮೀರುವದು. ತಿಂಗಳಿಗೆ 3,000ಕ್ಕೂ ಮಿಕ್ಕ ಹೊರೆಯು! ಪಗಾರವು ಮಾತ್ರ ಇದ್ದಲ್ಲಿಯೇ ಇದೆ. ಇನ್ನೂ ‘ನಮಗೇಕೆ?’ ಎಂದು ಕೇಳುವವರುಂಟೇ?

ದರವನ್ನು ಏರಿಸಿದ್ದೇ ತಪ್ಪೆಂದು ನಾವು ಹೇಳುವುದಿಲ್ಲ. 2022ರ ಎಪ್ರಿಲದಲ್ಲಿ ಬೆಲೆಗಳ ಏರಿಕೆಯು ಶೇಕಡಾ 7.79ನ್ನು ಮುಟ್ಟಿತ್ತು. ತುಟ್ಟಿಯ ಕಾಲದಲ್ಲಿ ಎಲ್ಲರಿಗಿಂತ ಮೊದಲು ಬೇಯುವವನು ಬಡವನು. ಸಾಲವಿಲ್ಲದ ಆತನಿಗೆ ಕಂತಿನ ಚಿಂತೆಯಿರದಿದ್ದರೂ ಅಕ್ಕಿ ಬೇಳೆಯ ಚಿಂತೆಯುಂಟು. ಕಹಿಯಾದರೂ ಮದ್ದು ಬೇಕಾಗುತ್ತದೆ. ಆದರೆ ಮದ್ದು ಕುಡಿಯುವವನಿಗೆ ರೋಗವು ಏಕೆ ಬಂದಿತೆಂದು ತಿಳಿಯುವ ಹಕ್ಕಿಲ್ಲವೇ?

ನಮ್ಮ ಆಕ್ಷೇಪವಿರುವುದು ಇಲ್ಲಿ. ಬೆಲೆಗಳ ಏರಿಕೆಯನ್ನು ಶೇಕಡಾ 4ರಲ್ಲಿ, ಹೆಚ್ಚೆಂದರೆ 6ರೊಳಗೆ, ಹಿಡಿದಿಡಬೇಕೆಂಬುದು 2016ರಲ್ಲಿ ತಿದ್ದುಪಡಿಯಾದ ಕಾಯಿದೆಯಂತೆ ರಿಜರ್ವ್ ಬ್ಯಾಂಕಿಗೆ ಗೊತ್ತುಪಡಿಸಿದ ಗುರಿಯು. ಎಡೆಬಿಡದೆ 3 ತ್ರೈಮಾಸಿಕಗಳಲ್ಲಿ ಮಿತಿಯು ಮೀರಿದರೆ, ಕಾರಣವನ್ನೂ ಪರಿಹಾರವನ್ನೂ ಬರೆದು ಸರಕಾರಕ್ಕೆ ಒಪ್ಪಿಸಬೇಕು. 2022ರಲ್ಲಿ ಹಾಗೆಯೇ ಆಯಿತು. ಅದಕ್ಕಾಗಿಯೇ ಸಮಿತಿಯು ನವೆಂಬರ 3ರಂದು ಪ್ರತ್ಯೇಕವಾಗಿ ಕೂಡಿತು, ಪತ್ರವೂ ಹೋಯಿತು. ಆದರೆ ಅದನ್ನು ಪ್ರಕಟಿಸಬೇಕೆಂದು ಕಾಯಿದೆಯಲ್ಲಿಲ್ಲವೆಂಬ ಕಾರಣದಿಂದ ಪ್ರಜೆಗಳಿಗೆ ತೋರಿಸಲಿಲ್ಲ. ನಾವು ಯಾರ ಆಳಿಕೆಯನ್ನು ನೂಕಿ ಬಂದೆವೋ ಆ ಇಂಗ್ಲಂಡದಲ್ಲಿ, ಗುರಿ ತಪ್ಪಿದಾಗ ಬ್ಯಾಂಕ್ ಆಫ್ ಇಂಗ್ಲಂಡಿನ ಗವರ್ನರರು ಅರ್ಥಮಂತ್ರಿಗೆ ಬರೆಯುವ ಪತ್ರವು ಬಹಿರಂಗವಾಗಿ ಅಚ್ಚಾಗುತ್ತದೆ. ಸ್ವತಂತ್ರ ಪ್ರಜೆಗೆ ಅಷ್ಟೂ ಯೋಗ್ಯತೆಯಿಲ್ಲವೆಂದು ನಮ್ಮವರು ಭಾವಿಸಿದರೇ?

ಎರಡನೆಯ ಮಾತು ಭಾಷೆಯದು. ಗವರ್ನರರು ನಿರ್ಣಯವನ್ನು ಇಂಗ್ಲಿಷಿನಲ್ಲಿ ಓದುತ್ತಾರೆ. ಕಂತು ಕಟ್ಟುವವನು ಕನ್ನಡಿಗನು. ಕನ್ನಡಿಗನಿಗೆ ಹಣದ ವ್ಯವಹಾರವು ಹೊಸದೇ? 1905ರಲ್ಲಿ ಗದಗಿನ ಮಗ್ಗುಲ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದರು. 1906ರಲ್ಲಿ ಮಂಗಳೂರಿನ ಅಮ್ಮೆಂಬಳ ಸುಬ್ಬರಾವ್ ಪೈಯವರೂ ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರೂ ಬ್ಯಾಂಕುಗಳನ್ನು ಸ್ಥಾಪಿಸಿದರು. ನೆರೆಹೊರೆಯವರ ಭಾಷೆಯಲ್ಲಿ ಮಾತಾಡಿಯೇ ಅವರು ಅವರ ನಂಬಿಕೆಯನ್ನು ಗಳಿಸಿದರು. 1956ರ ನವೆಂಬರ 1ರಂದು ನಾಡು ಒಂದಾಯಿತು.  ಆದರೆ ಹಣದ ಅರಮನೆಯ ಹೊಸ್ತಿಲಲ್ಲಿ ನಮ್ಮ ನುಡಿಯು ಇನ್ನೂ ಪರದೇಶಿಯಂತೆ ನಿಂತಿದೆ. ನಕ್ಷೆಯ ಗೆರೆಗಳಿಂದ ಮಾತ್ರ ಏಕೀಕರಣವು ಪೂರ್ಣವಾಗಲಾರದು.

ಆದುದರಿಂದ ನಮ್ಮ ಬೇಡಿಕೆಗಳು ಎರಡೇ. ಗುರಿ ತಪ್ಪಿದಾಗ ರಿಜರ್ವ್ ಬ್ಯಾಂಕು ಬರೆಯುವ ಪತ್ರವು ಪ್ರಕಟವಾಗಲೇಬೇಕೆಂದು ಕಾಯಿದೆಯಲ್ಲಿ ಒಂದು ಸಾಲನ್ನು ಸೇರಿಸಬೇಕು. ಬಡ್ಡಿಯ ನಿರ್ಣಯವು ಹೊರಬೀಳುವ ದಿನವೇ ಅದರ ಕಾರಣಗಳೂ ತಿಳಿಗನ್ನಡದಲ್ಲಿ ಹೊರಬೀಳಬೇಕು. ಉಪಾಧ್ಯಾಯ ಬಂಧುಗಳಲ್ಲಿ ಒಂದು ಬಿನ್ನಹವೂ ಉಂಟು. ಚಕ್ರಬಡ್ಡಿಯ ಲೆಕ್ಕವನ್ನು ಹಲಗೆಯ ಮೇಲೆ ಬರೆಯುವಾಗ, ಆ ದರವನ್ನು ಯಾರು, ಎಲ್ಲಿ, ಏತಕ್ಕಾಗಿ ಗೊತ್ತುಮಾಡುವರೆಂಬುದನ್ನೂ ಹುಡುಗರಿಗೆ ಹೇಳಿರಿ. ಬರುವ ವಾರದ ವಾರ್ತೆಯನ್ನು ಅವರು ತಾವೇ ಓದಿ ತಂದೆತಾಯಿಗಳಿಗೆ ತಿಳಿಸುವಂತಾಗಲಿ. ಲೆಕ್ಕ ಬಲ್ಲ ಪ್ರಜೆಯನ್ನು ಲೆಕ್ಕಕ್ಕಿಲ್ಲದವನೆಂದು ತಳ್ಳಿಹಾಕುವ ಧೈರ್ಯವು ಯಾವ ಸರಕಾರಕ್ಕೂ ಬರಲಾರದು.